ಕೂಸಿನ ಮನೆಯ ಗುಣವನ್ನು ಅಳೆಯುವ ಬಗೆ

‘ಅಂಗನವಾಡಿ’ ಎಂಬ ಪದದ ಪೂರ್ವಾರ್ಧವು ನಮ್ಮ ‘ಅಂಗಳ’ಕ್ಕೆ ಬಂಧು, ಉತ್ತರಾರ್ಧವು ಸಂಸ್ಕೃತದ ‘ವಾಟಿ’ಗೆ ಬಂಧು. ವಾಟಿಯೆಂದರೆ ಬೇಲಿ ಕಟ್ಟಿ ಕಾಪಾಡಿದ ತೋಟ. ಅಂಗಳವು ಎಲ್ಲರಿಗೂ ತೆರೆದದ್ದು. ತೋಟವು ದಿನದಿನದ ಆರೈಕೆಯನ್ನು ಬೇಡುವಂಥದು. ಈ ಎರಡು ಗುಣಗಳೂ ಒಂದೆಡೆ ಕೂಡಿದಲ್ಲಿ ಮಾತ್ರ ಆ ಹೆಸರು ಸಾರ್ಥಕವೆಂಬುದು ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ನಮ್ಮ ಸೀಮೆಗೆ ವಿಶೇಷವಾದ ಹಕ್ಕೂ ಉಂಟು, ಹೊಣೆಯೂ ಉಂಟು. 1975ನೆಯ ಇಸವಿ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಕ್ಷೇತ್ರ ನಮ್ಮ ನೆರೆಯ ತಿರುಮಕೂಡಲು ನರಸೀಪುರ. ಅಂದು ನೂರು ಕೇಂದ್ರಗಳಿಂದ ಮೊದಲಾದುದು ಇಂದು ರಾಜ್ಯದಲ್ಲಿ 65 ಸಾವಿರವನ್ನು ಮೀರಿದೆ. 2023-24ನೆಯ ಸಾಲಿನಲ್ಲಿ, ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. ಸಂಖ್ಯೆಯೇನೋ ಬೆಳೆಯಿತು, ಗುಣವನ್ನು ಅಳೆಯುವವರು ಯಾರು, ಯಾವ ಅಳತೆಗೋಲಿನಿಂದ?

ನಾವು ಸಾಮಾನ್ಯವಾಗಿ ನೋಡುವುದು ಗೋಡೆಯ ಬಣ್ಣವನ್ನು, ಗೋಡೆಯ ಮೇಲಿನ ಚಿತ್ರಗಳನ್ನು, ದಾನಿಗಳ ಹೆಸರು ಕೆತ್ತಿದ ಕಲ್ಲನ್ನು. ಇವು ಬೇಡವೆಂದಲ್ಲ, ಆದರೆ ಇವು ಕಟ್ಟಡದ ಗುಣಗಳೇ ಹೊರತು ಪಾಲನೆಯ ಗುಣಗಳಲ್ಲ. ಅಳತೆಗೋಲು ನಮ್ಮ ಮಠಗಳ ಪರಂಪರೆಯಲ್ಲಿಯೇ ಇದೆ: ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹ.

ಮೊದಲನೆಯದು ಅನ್ನ. ಬಡಿಸಿದ್ದು ಎಷ್ಟೆಂಬುದನ್ನು ದಾಖಲೆ ಪುಸ್ತಕ ಹೇಳುತ್ತದೆ. ಉಂಡದ್ದು ಎಷ್ಟೆಂಬುದನ್ನು ಮಗುವಿನ ಮೈ ಹೇಳುತ್ತದೆ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಪ್ರತಿ ತಿಂಗಳೂ ತೂಕ ನೋಡುತ್ತಾರೆಯೇ, ಇಳಿದ ಮಗುವಿನ ಮನೆಗೆ ಹೋಗಿ ವಿಚಾರಿಸುತ್ತಾರೆಯೇ ಎಂಬುದನ್ನು ಕೇಳಬೇಕು.

ಎರಡನೆಯದು ಆಶ್ರಯ. ಬಿದ್ದು ಅತ್ತ ಮಗು ತಾನಾಗಿ ಯಾರ ಸೆರಗನ್ನು ಹಿಡಿಯುತ್ತದೆಂಬುದನ್ನು ಗಮನಿಸಿದರೆ ಸಾಕು, ಆ ಕೇಂದ್ರದ ಮರ್ಮ ತಿಳಿಯುತ್ತದೆ. ಬಾಗಿಲು ಮುಚ್ಚುವ ಹೊತ್ತು ತಾಯಿ ಗದ್ದೆಯಿಂದ ಮರಳುವ ಹೊತ್ತಿಗೆ ಹೊಂದದಿದ್ದರೆ, ಅಕ್ಕನಾದವಳು ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಳ್ಳಬೇಕಾಗುತ್ತದೆ. ಇನ್ನು ಮಕ್ಕಳನ್ನು ಸಾಕುವ ಕಾರ್ಯಕರ್ತೆಯನ್ನು ಯಾರು ಸಾಕಬೇಕು? ಆಕೆಗೆ ಸಲ್ಲುವುದನ್ನು ‘ಗೌರವಧನ’ವೆಂದು ಕರೆದು ಗೌರವವನ್ನೂ ಧನವನ್ನೂ ಕಿರಿದು ಮಾಡಿದ್ದೇವೆ. ಆಕೆಗೆ ಉಪದಾನದ ಹಕ್ಕುಂಟೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ 2022ರಲ್ಲಿ ಹೇಳಬೇಕಾಯಿತು.

ಮೂರನೆಯದು ಅಕ್ಷರ. ಕನ್ನಡ ಪಂಡಿತನಾದ ನಾನೇ ಇದನ್ನು ಹೇಳಿದರೆ ಕೆಲವರಿಗೆ ವಿಚಿತ್ರವೆನಿಸೀತು: ಮೂರು ವರ್ಷದ ಮಗುವಿಗೆ ಸ್ಲೇಟು ಹಿಡಿಸಿ ವರ್ಣಮಾಲೆ ತಿದ್ದಿಸುವುದು ವಿದ್ಯೆಯಲ್ಲ. ಆ ವಯಸ್ಸಿಗೆ ಬೇಕಾದುದು ಕಿವಿಯ ಕನ್ನಡ. ಕಥೆ, ಒಗಟು, ಪದ, ಆಟ, ಮತ್ತು ತಾನು ಕೇಳಿದ ಪ್ರಶ್ನೆಗೆ ದೊಡ್ಡವರಿಂದ ತಾಳ್ಮೆಯ ಉತ್ತರ. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಾರಿಯಾ ಮಾಂಟೆಸೊರಿ ತೆರೆದ ‘ಮಕ್ಕಳ ಮನೆ’ಯಲ್ಲಿಯೂ ಮೊದಲು ಪಳಗಿದ್ದು ಕೈ, ಕಣ್ಣು, ಕಿವಿಗಳೇ.

ಇವೆಲ್ಲಕ್ಕೂ ಮಿಗಿಲಾದ ಒರೆಗಲ್ಲು ಮತ್ತೊಂದಿದೆ. ಯಾರ ಮಗು ಯಾರ ಮಗ್ಗುಲಲ್ಲಿ ಕುಳಿತು ಉಣ್ಣುತ್ತದೆ? ಗಾಂಧೀಜಿಯವರ ಪಾದಸ್ಪರ್ಶವಾದ ಖಾದಿ ಕೇಂದ್ರದಿಂದ ಹೆಸರಾದ ಬದನವಾಳಿನಲ್ಲಿಯೇ 1993ರಲ್ಲಿ, ದೇವಾಲಯ ಪ್ರವೇಶದ ವಿವಾದದ ತರುವಾಯ ಮೂವರು ದಲಿತರ ಕೊಲೆಯಾಯಿತು. ಆಮೇಲೆ ಎರಡು ಕೇರಿಗಳ ನಡುವಣ ದಾರಿಯೇ ಮುಚ್ಚಿಹೋಗಿ, ಅದು ಮತ್ತೆ ತೆರೆದದ್ದು 2022ರ ಅಕ್ಟೋಬರಿನಲ್ಲಿ. ಬಸವಣ್ಣನವರ ಹೆಸರು ಹೇಳುವ ನಾವು ಇದನ್ನು ಮರೆಮಾಚಿ ಮಾತನಾಡುವುದು ಸಲ್ಲದು. ದೊಡ್ಡವರ ದಾರಿ ತೆರೆಯಲು 29 ವರ್ಷ ಬೇಕಾಯಿತು. ಮಕ್ಕಳ ಪಂಕ್ತಿಗೆ ಅಷ್ಟು ಕಾಲ ಬೇಕಾಗಿಲ್ಲ. ಅಡುಗೆ ಮಾಡುವ ಸಹಾಯಕಿಯ ಕೇರಿಯನ್ನು ಕೇಳಿ ಒಂದು ಮನೆಯವರು ಮಗುವನ್ನು ಬಿಡಿಸಿಕೊಂಡು ಹೋದರೂ ಆ ಕೇಂದ್ರದ ಉಳಿದ ಗುಣಗಳೆಲ್ಲ ಮಸುಕಾಗುತ್ತವೆ. ಆ ದೋಷ ಕಾರ್ಯಕರ್ತೆಯದಲ್ಲ, ಊರಿನದು.

ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿಯಿಷ್ಟೆ: ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಮುನ್ನ, ಒಂದು ಬೆಳಗಿನಿಂದ ಊಟದ ಹೊತ್ತಿನವರೆಗೆ ಆ ಮಕ್ಕಳ ಚಾಪೆಯ ಮೇಲೆ ಕುಳಿತು ನೋಡಿರಿ. ಉಪಾಧ್ಯಾಯ ಮಿತ್ರರು ತಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಅಂಗನವಾಡಿಗೆ ತಿಂಗಳಿಗೊಮ್ಮೆಯಾದರೂ ಹೋಗಿ ಬರಲಿ. ಬರುವ ಮಕ್ಕಳನ್ನು ಎಣಿಸಿದಂತೆಯೇ ಬಾರದ ಮಕ್ಕಳು ಯಾವ ಕೇರಿಯವರೆಂದು ವಿಚಾರಿಸಲಿ. ಬಾರದವರ ಪಟ್ಟಿಯೇ ನಮ್ಮ ಕೆಲಸದ ಪಟ್ಟಿ. ಶರಣು.