ಓಮ್ನಿ ಮೂಕಾದಾಗ

1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿ ನಮ್ಮ ತುರುವೇಕೆರೆ, ತಿಪಟೂರು ಕಡೆ ಇನ್ನೂ ಓಡ್ತಾನೇ ಇದೆ. ಸಂಪಿಗೆಯ ನಮ್ಮನೇಲೂ ಒಂದಿದೆ. ಹಿಂದಿನ ಸೀಟು ತೆಗೆದು ಕೊಬ್ಬರಿ ಮೂಟೆ ಹಾಕಬಹುದು, ಚಾಪೆ ಹಾಸಿ ಮಲಗಲೂಬಹುದು. ಅದರ ಹಾರ್ನ್ ನಿಂತುಹೋಯ್ತು. ತೋಟದ ತಿರುವುಗಳಲ್ಲಿ ಎದುರಿಗೆ ಬರೋ ಟ್ರ್ಯಾಕ್ಟರ್ ಕಾಣೋದೇ ಇಲ್ಲ. ಅಪ್ಪ ದಿನಾ ಓಡಾಡೋದು ಅದೇ ದಾರೀಲಿ.

"ಹೊಸ ಹಾರ್ನ್ ಹಾಕಿಸ್ಬಿಡಾನ ಕಣಪ್ಪ" ಅಂದ್ರು. ತಡೀರಿ ಅಂದೆ. ಕೋಡ್‌ನಲ್ಲಿ ಬಗ್ ಹುಡುಕುವಾಗಲೂ ಮೊದಲು ತಪ್ಪು ಯಾವ ಅರ್ಧದಲ್ಲಿದೆ ಅಂತ ನೋಡ್ತೀವಲ್ಲ, ಇದೂ ಹಾಗೇ.

ಫ್ಯೂಸ್ ಚೆನ್ನಾಗಿತ್ತು. ಹಾರ್ನ್‌ನ ಎರಡೂ ವೈರ್ ಕಳಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟೆ. ಬೀದಿ ನಾಯಿಗಳೆಲ್ಲ ಎದ್ದು ಕೂತ್ವು! ಅಂದ್ರೆ ಹಾರ್ನ್ ಸರಿಯಿದೆ. ನಮ್ಮ ಗಾಡೀಲಿ ಹಾರ್ನ್‌ವರೆಗೆ ಕರೆಂಟ್ ಬಂದು ಕಾಯ್ತಿರುತ್ತೆ, ಬಟನ್ ಒತ್ತಿದಾಗ ಅರ್ಥ್ ಸಿಕ್ಕಿ ಕೂಗುತ್ತೆ. ಪ್ಲಸ್ ವೈರ್ ಮಾತ್ರ ವಾಪಸ್ ಸಿಕ್ಕಿಸಿ, ಇನ್ನೊಂದು ಪಿನ್ನಿಂದ ತುಂಡು ವೈರನ್ನ ಬಾಡಿಗೆ ತಾಗಿಸಿದೆ. ಕೂಗ್ತು. ಹಾಗಾದ್ರೆ ತೊಂದರೆ ಇರೋದು ಬಟನ್ ಕಡೆ.

ಸ್ಟೀರಿಂಗ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಕರ್ರಗಾಗಿತ್ತು. ನಯವಾದ ಉಪ್ಪುಕಾಗದದಲ್ಲಿ ಉಜ್ಜಿದೆ, ಅಷ್ಟೇ. ಹೊಸ ಹಾರ್ನ್ ಹಾಕಿಸಿದ್ರೂ ಅದೂ ಮೂಕವಾಗೇ ಇರ್ತಿತ್ತು.

ನಿಮ್ಮ ಗಾಡಿ ಸ್ಟೀರಿಂಗಲ್ಲಿ ಏರ್‌ಬ್ಯಾಗ್ ಇದ್ರೆ ಮಾತ್ರ ಅದನ್ನ ಬಿಚ್ಚೋಕೆ ಹೋಗ್ಬೇಡಿ, ಗ್ಯಾರೇಜಿಗೇ ಕೊಡಿ.