ಕಪ್ಪು ಯಾರದು, ಅಂಕಣ ಯಾರದು?

ಮಳವಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಗಣೇಶನ ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ. ಕಳೆದ ಸಲ ನಮ್ಮ ಹುಡುಗರು ಸೆಮಿಫೈನಲ್ ಮುಟ್ಟಿದರು. ಎದುರಾಳಿಗಳ ಜೆರ್ಸಿಯ ಮೇಲೆ ಮದ್ದೂರು ಕಡೆಯ ಒಂದು ಊರಿನ ಹೆಸರಿತ್ತು. ಅದನ್ನು ತೊಟ್ಟ ಏಳು ಜನರಲ್ಲಿ ಒಬ್ಬನೂ ಆ ಊರಿನವನಲ್ಲ. ಎಲ್ಲರೂ ಸಂಜೆ ಬೆಂಗಳೂರಿನಿಂದ ಟೆಂಪೊದಲ್ಲಿ ಬಂದವರು, ದಿನವೂ ಮ್ಯಾಟ್ ಮೇಲೆ ಅಭ್ಯಾಸ ಮಾಡುವ ದೊಡ್ಡ ಕ್ಲಬ್ಬಿನವರು. ನಮ್ಮ ರೈಡರ್ ಬೆಳಗ್ಗೆಯಿಂದ ಕಬ್ಬು ಕಡಿದು ಬಂದಿದ್ದ. ಮೂರು ಸಲ ಆಲೌಟ್ ಆದೆವು. ಅವರು ಕಪ್ಪು ಗೆದ್ದು, ನಗದು ಹಂಚಿಕೊಂಡು ರಾತ್ರಿಯೇ ಹೊರಟರು.

ಸಂಘಟಕರನ್ನು ಕೇಳಿದೆ. "ದೊಡ್ಡ ಟೀಮು ಬರ್ದೆ ಇದ್ರೆ ಜನ ಎಲ್ಲಣ್ಣ ಬತ್ತರೆ?" ಅಂದರು.

ಈ ಮಾತು ಸುಳ್ಳು ಎನ್ನಲು ನನ್ನ ಬಳಿ ಸಾಕ್ಷಿಯಿದೆ, ಅದು ದೂರದ ಇಂಗ್ಲೆಂಡಿನದು. ಅಲ್ಲಿ ಮೂರನೇ ಮತ್ತು ನಾಲ್ಕನೇ ದರ್ಜೆಯ ಫುಟ್‌ಬಾಲ್ ಕ್ಲಬ್ಬುಗಳಿಗೆಂದೇ ಇಎಫ್ಎಲ್ ಟ್ರೋಫಿ ಇದೆ. 2016ರಲ್ಲಿ ಯುವ ಆಟಗಾರರನ್ನು ಬೆಳೆಸುವ ನೆಪದಲ್ಲಿ ದೊಡ್ಡ ಕ್ಲಬ್ಬುಗಳ 16 ಕಿರಿಯರ ತಂಡಗಳನ್ನು ಅದರೊಳಗೆ ತುರುಕಿದರು. ಅಭಿಮಾನಿಗಳು ಪಂದ್ಯಗಳನ್ನೇ ಬಹಿಷ್ಕರಿಸಿದರು. ಇನ್ನೂ ತಮಾಷೆಯೆಂದರೆ, ತಮ್ಮದೇ ಹುಡುಗರನ್ನು ಹೆಚ್ಚಾಗಿ ಆಡಿಸಿದರೆಂದು ಲೂಟನ್ ಮತ್ತು ಪೋರ್ಟ್ಸ್‌ಮತ್ ಕ್ಲಬ್ಬುಗಳಿಗೆ ತಲಾ 15,000 ಪೌಂಡ್ ದಂಡ ಬಿತ್ತು! ದೊಡ್ಡವರು ಹುಡುಗರನ್ನು ಕಳಿಸಿದರೆ ತರಬೇತಿ, ಸಣ್ಣವರು ಕಳಿಸಿದರೆ ತಪ್ಪು.

ಆ ವರ್ಷದ ಫೈನಲ್ ನಡೆದದ್ದು ಕವೆಂಟ್ರಿ ಮತ್ತು ಆಕ್ಸ್‌ಫರ್ಡ್ ನಡುವೆ. ಎರಡೂ ಮೂರನೇ ದರ್ಜೆಯವು. ವೆಂಬ್ಲಿಗೆ ಬಂದವರು 74,434 ಜನ. ಜನ ಬರುವುದು ದೊಡ್ಡ ಹೆಸರಿಗಲ್ಲ, ತಮ್ಮೂರಿಗೆ.

ಬಲಶಾಲಿಗಳ ಜೊತೆ ಆಡಿದರೆ ತಾನೇ ಕಲಿಯುವುದು ಎಂದು ನೀವು ಕೇಳಬಹುದು. ಒಪ್ಪುತ್ತೇನೆ. ಆದರೆ ಆಗ ದೊಡ್ಡವರು ತಮ್ಮ ಹೆಸರಿನಲ್ಲೇ ಬರಬೇಕು, ಸೋತರೆ ಮಾನ ಹೋಗುವ ಅಪಾಯ ಅವರಿಗೂ ಇರಬೇಕು. 2005ರ ಎಫ್‌ಎ ಕಪ್ಪಿನಲ್ಲಿ ಐದನೇ ದರ್ಜೆಯ ಎಕ್ಸಿಟರ್, ಮ್ಯಾಂಚೆಸ್ಟರ್ ಯುನೈಟೆಡ್ಡಿನ ಅಂಗಳದಲ್ಲೇ 0-0 ಸಮ ಮಾಡಿಕೊಂಡಿತು. ಮರುಪಂದ್ಯದಲ್ಲಿ ಸೋತಿತು ನಿಜ. ಆದರೆ ಎರಡು ಪಂದ್ಯಗಳ ಗಳಿಕೆ ಸಾಲದಲ್ಲಿ ಮುಳುಗಿದ್ದ ಕ್ಲಬ್ಬನ್ನು ಉಳಿಸಿತು. ದೊಡ್ಡವರ ವೇಳಾಪಟ್ಟಿ ಕಿಕ್ಕಿರಿದಿದೆಯೆಂದು 2024-25ರಿಂದ ಮೊದಲ ಸುತ್ತಿನಿಂದಲೇ ಮರುಪಂದ್ಯಗಳನ್ನೂ ರದ್ದು ಮಾಡಿದರು. ಸಣ್ಣವರ ಟೂರ್ನಿಗೆ ನುಗ್ಗಲು ಪುರುಸೊತ್ತಿದೆ, ಸಣ್ಣವರೊಂದಿಗೆ ಇನ್ನೊಂದು ಸಲ ಆಡಲು ಇಲ್ಲ.

ನಮ್ಮ ಮಂಡ್ಯ ಜಿಲ್ಲೆಯ ಸಂಘಟಕರಿಗೆ ದಾರಿ ಗೊತ್ತಿಲ್ಲದೆ ಏನಿಲ್ಲ. ಕರಪತ್ರದಲ್ಲಿ "ಒಂದು ಊರಿಗೆ ಒಂದೇ ತಂಡ, ಆಧಾರ್ ಕಡ್ಡಾಯ" ಎಂದು ಅಚ್ಚು ಹಾಕಿಸಿ, ಹಾಕಿಸಿದ್ದನ್ನು ಪಾಲಿಸಿ. ಬೆಂಗಳೂರಿನ ತಂಡ ಬೇಕೆಂದರೆ ಕೊನೆಯಲ್ಲಿ ಒಂದು ಪ್ರದರ್ಶನ ಪಂದ್ಯ ಇಡಿ, ಕೈತುಂಬ ಸಂಭಾವನೆ ಕೊಡಿ, ಊಟ ಹಾಕಿ ಕಳಿಸಿ. ಕಪ್ಪು ಮಾತ್ರ ಊರಲ್ಲಿರಲಿ.

ಕಬ್ಬು ಕಡಿದು ಬಂದ ಆ ಹುಡುಗ ಈ ಸಲ ತಂಡಕ್ಕೆ ಹೆಸರು ಕೊಟ್ಟಿಲ್ಲ. "ಯಾರದೋ ಫೋಟೊಗೆ ನಾವ್ಯಾಕಣ್ಣ ಮಣ್ಣು ತಿನ್ನೋದು?" ಅಂದ. ಅವನಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಸಂಘಟಕರೇ, ನಿಮ್ಮಲ್ಲಿದೆಯೇ?