ಅಂಜುವ ಪಿರಾನ್ಹಾ

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಮೀನಿನ ವಿಷಯ ಬರೆಯಲು ಇವನಿಗೇನು ಅಧಿಕಾರವೆಂದು ಓದುಗ ಮಿತ್ರರು ಕೇಳಿದರೆ ತಪ್ಪಿಲ್ಲ. ಆದರೆ ಎರಡು ವರ್ಷಗಳಿಂದ ನಾನು ಓದುವುದೂ ಮಲಗುವುದೂ ಪಿರಾನ್ಹಾ ಮೀನುಗಳ ತೊಟ್ಟಿಯಿರುವ ನಡುಮನೆಯಲ್ಲಿ. ಅವುಗಳಿಂದ ಕಲಿತ ಒಂದು ಪಾಠ ನಮ್ಮ ಕಾಲೇಜಿಗೂ ಸಲ್ಲುವಂಥದೆಂದು ತೋರಿದುದರಿಂದ ಈ ನಾಲ್ಕು ಮಾತು.

ಮೀನುಗಳನ್ನು ತಂದವರು ನನ್ನ ಸೋದರಮಾವ. ಹೊನ್ನಮೀನು ಎಲ್ಲರ ಮನೆಯಲ್ಲೂ ಇರುತ್ತದೆ; ನಮ್ಮ ಮನೆಗೆ ಬಂದವರು ಬೆಚ್ಚಿಬೀಳಬೇಕು ಎಂಬುದು ಅವರ ಆಸೆ. ಹೊಟ್ಟೆ ಕೆಂಪಾದ ಮೂರು ಮೀನು, ಮೂರಡಿ ಉದ್ದದ ಗಾಜಿನ ತೊಟ್ಟಿ, ಮೇಲೊಂದು ಪ್ರಖರವಾದ ದೀಪ. ಬಾಗಿಲಿಗೆ ಎದುರಾಗಿಯೇ ಅದರ ಸ್ಥಾನ. ಆದರೆ ಬೆಚ್ಚಿದವರು ನೆಂಟರಲ್ಲ, ಮೀನುಗಳು! ಯಾರಾದರೂ ಒಳಗೆ ಕಾಲಿಟ್ಟರೆ ಸಾಕು, ಮೂರೂ ಮೂಲೆಗೆ ನುಗ್ಗಿ ಒಂದರ ಹಿಂದೊಂದು ಅವಿತುಕೊಳ್ಳುತ್ತಿದ್ದವು. “ಇದೇನಾ ರಾಯರೆ ನಿಮ್ಮ ಹುಲಿ?” ಎಂದು ನೆಂಟರು ನಕ್ಕರೆ ಮಾವನಿಗೆ ಅವಮಾನ. ಉಂಗುರದ ಬೆರಳಿನಿಂದ ಗಾಜನ್ನು ಟಕಟಕನೆ ಬಡಿಯುವರು. ನಾನೂ ಬಡಿದಿದ್ದೇನೆ, ಪೆನ್ಸಿಲಿನಿಂದ.

ಒಂದು ರಾತ್ರಿ ತಡವಾಗಿ ಬಂದು ಕತ್ತಲೆಯ ಕೋಣೆಯಲ್ಲಿ ಥಟ್ಟನೆ ದೀಪ ಹಾಕಿದೆ. ತೊಟ್ಟಿಯೊಳಗೆ ಧಡ್ ಎಂದು ಸದ್ದಾಯಿತು. ಒಂದು ಮೀನು ಗಾಜಿಗೆ ಅಪ್ಪಳಿಸಿ ಮೂತಿ ಒಡೆದುಕೊಂಡಿತ್ತು. ಗಾಯ ಕೊಳೆತು ಆರನೆಯ ದಿನ ಸತ್ತಿತು. ಅದನ್ನು ಹೊರತೆಗೆದಾಗ ಬಾಯಿ ಬಿಡಿಸಿ ನೋಡಿದೆ. ತ್ರಿಕೋನಾಕಾರದ ಹರಿತವಾದ ಹಲ್ಲುಗಳು, ಮೇಲಿನದಕ್ಕೆ ಕೆಳಗಿನದು ಹೊಂದಿಕೊಂಡಿದ್ದವು. ಪಿರಾನ್ಹಾ ಎಂದು ಹೇಳಿ ಇದರ ಸೋದರಸಂಬಂಧಿಯಾದ ಪಾಕುವನ್ನು ಮಾರುವುದುಂಟು. ಪಾಕುವಿಗಾದರೋ ನಮ್ಮ ದವಡೆಹಲ್ಲಿನಂಥ ಚಪ್ಪಟೆ ಹಲ್ಲು. ಇದು ನಿಜವಾದ ಪಿರಾನ್ಹಾವೇ. ಇಷ್ಟು ಹಲ್ಲಿದ್ದೂ ಅದು ಸತ್ತದ್ದು ನನ್ನ ಒಂದು ಸ್ವಿಚ್ಚಿನ ಸದ್ದಿಗೆ, ಬೆಳಕಿಗೆ. ಆ ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಓದತೊಡಗಿದೆ. ಈ ಮೀನಿನ ಶಾಸ್ತ್ರೀಯ ನಾಮ ಪಿಗೋಸೆಂಟ್ರಸ್ ನ್ಯಾಟೆರೆರಿ. ತವರು ದಕ್ಷಿಣ ಅಮೆರಿಕದ ಅಮೆಜಾನ್ ಮುಂತಾದ ನದಿಗಳು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟರು 1913–14ರಲ್ಲಿ ಬ್ರೆಜಿಲಿನ ಕಾಡುಗಳಲ್ಲಿ ಸಂಚರಿಸಿ, 1914ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಅತಿ ಕ್ರೂರವಾದ ಮೀನೆಂದು ವರ್ಣಿಸಿದರು. ಆ ಕೀರ್ತಿ, ಅಥವಾ ಅಪಕೀರ್ತಿ, ಸಿನಿಮಾಗಳ ಮೂಲಕ ಲೋಕಕ್ಕೆಲ್ಲ ಹಬ್ಬಿತು. ಆದರೆ ಅದೇ ನದಿಯಲ್ಲಿ ಪಿರಾನ್ಹಾವನ್ನು ತಿನ್ನುವ ಮೊಸಳೆಜಾತಿಯ ಕೇಮನ್‌ಗಳಿವೆ, ಡಾಲ್ಫಿನ್‌ಗಳಿವೆ, ದೈತ್ಯ ನೀರುನಾಯಿಗಳಿವೆ. ಪಿರಾನ್ಹಾಗಳು ಗುಂಪಾಗಿರುವುದು ಬೇಟೆಗಾಗಿಯೇ ಎಂದು ಜನ ನಂಬಿದ್ದರಷ್ಟೆ. ಬ್ರೆಜಿಲಿನ ಹೆಲ್ಡರ್ ಕೇರೋಸ್ ಹಾಗೂ ಸ್ಕಾಟ್ಲೆಂಡಿನ ಆನ್ ಮಗೂರನ್ ಎಂಬ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆಯೇ ಸಂಗತಿ ಹೊರಬಿತ್ತು. ಎರಡೇ ಮೀನುಗಳನ್ನು ಇಟ್ಟಾಗ ಅವು ಏದುಸಿರು ಬಿಡುತ್ತಿದ್ದವು; ಎಂಟು ಒಟ್ಟಿಗಿದ್ದಾಗ ಉಸಿರಾಟ ನಿಧಾನವಾಗುತ್ತಿತ್ತು. ಹೆದರಿಸಿದ ಮೇಲೆ ದೊಡ್ಡ ಗುಂಪೇ ಬೇಗ ಚೇತರಿಸಿಕೊಳ್ಳುತ್ತಿತ್ತು. ಅಂದಮೇಲೆ ಆ ಗುಂಪು ದರೋಡೆಕೋರರ ತಂಡವಲ್ಲ. ಕತ್ತಲೆಯ ದಾರಿಯಲ್ಲಿ ಕೈಕೈ ಹಿಡಿದು ನಡೆಯುವ ಮಕ್ಕಳ ಸಾಲು.

ಇದನ್ನು ಮಾವನಿಗೆ ಓದಿ ಹೇಳಿದೆ. ಮೊದಲು ಗೊಣಗಿದರೂ ಅವರು ಒಳ್ಳೆಯ ಮನಸ್ಸಿನವರು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಮಾಡಿಸಿದರು; ಸುಮಾರು 650 ಲೀಟರು ನೀರು ಹಿಡಿಯುತ್ತದೆ. ಬಾಗಿಲ ಎದುರಿನಿಂದ ಅದನ್ನು ಓಡಾಟವಿಲ್ಲದ ಮೂಲೆಗೆ ಸರಿಸಿದೆವು. ಹಿಂದಕ್ಕೂ ಎರಡು ಪಕ್ಕಕ್ಕೂ ಕಪ್ಪು ಕಾಗದ ಅಂಟಿಸಿದೆವು. ನಾಲ್ಕೂ ಕಡೆಯಿಂದ ಆಕೃತಿಗಳು ಚಲಿಸುತ್ತಿದ್ದರೆ ಮೀನಿಗೆ ಬೆನ್ನು ಕೊಡಲು ಜಾಗವೆಲ್ಲಿ? ಒಳಗೆ ಮರದ ಬೇರುಗಳನ್ನಿಟ್ಟು, ನೀರಿನ ಮೇಲೆ ತೇಲುವ ಗಿಡ ಬಿಟ್ಟು ನೆರಳು ಮಾಡಿದೆವು. ಮೀನಿಗೆ ರೆಪ್ಪೆಯಿಲ್ಲ, ಬೆಳಕು ಹೆಚ್ಚಾದರೆ ಕಣ್ಣು ಮುಚ್ಚಿಕೊಳ್ಳಲಾರದು. ಆದುದರಿಂದ ರಾತ್ರಿ ಮೊದಲು ಕೋಣೆಯ ಆಚೆಯ ದೀಪ, ಸ್ವಲ್ಪ ಹೊತ್ತಿನ ಮೇಲೆ ಒಳಗಿನದು ಎಂಬ ಕ್ರಮವಾಯಿತು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುವುದು, ನಲ್ಲಿಯ ಕ್ಲೋರಿನ್ ಹೋಗಲಾಡಿಸಿದ ಮೇಲೆಯೇ ಹೊಸ ನೀರು ಹಾಕುವುದು, ಇವು ನನ್ನ ಪಾಲಿಗೆ ಬಂದವು. ಕೆಟ್ಟ ನೀರಿನಲ್ಲಿರುವ ಮೀನಿಗೆ ಧೈರ್ಯ ಹೇಳಿ ಪ್ರಯೋಜನವಿಲ್ಲ. ಗಾಜು ಬಡಿಯುವುದಂತೂ ಪೂರ್ತಿ ನಿಷೇಧ. ಮೀನಿನ ಮೈಯ ಎರಡು ಪಕ್ಕದಲ್ಲೂ ನೀರಿನ ಕಂಪನವನ್ನು ಗುರುತಿಸುವ ಒಂದು ರೇಖೆಯಿದೆ. ನಮಗೆ ಟಕ್ ಎನ್ನುವುದು ಅದಕ್ಕೆ ಮೈಗೇ ಬಿದ್ದ ಪೆಟ್ಟು.

ಊರು ಬಿಡುತ್ತಿದ್ದ ಒಬ್ಬರು ತಮ್ಮಲ್ಲಿದ್ದ ಅದೇ ಅಳತೆಯ ನಾಲ್ಕು ಮೀನುಗಳನ್ನು ನಮಗೆ ಕೊಟ್ಟರು. ಹಳೆಯವು ಹೊಸಬರನ್ನು ಕಚ್ಚದಿರಲೆಂದು ಬೇರುಗಳ ಜಾಗವನ್ನೆಲ್ಲ ಬದಲಿಸಿ, ಯಾರಿಗೂ ಸ್ವಂತ ಮೂಲೆ ಇಲ್ಲದಂತೆ ಮಾಡಿ ಬಿಟ್ಟೆವು. ಆದರೂ ಒಂದೆರಡು ರೆಕ್ಕೆ ಹರಿದವು, ಮತ್ತೆ ಬೆಳೆದವು. ಹೊತ್ತಿಗೆ ಸರಿಯಾಗಿ ಮೀನಿನ ತುಂಡು ಹಾಕಿ ದೂರ ಕುಳಿತುಬಿಡುತ್ತಿದ್ದೆ. ಮೊದಲ ವಾರಗಳಲ್ಲಿ ನಾನು ಕೋಣೆ ಬಿಟ್ಟ ಮೇಲೆಯೇ ತಿನ್ನುತ್ತಿದ್ದವು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಪುಸ್ತಕದಿಂದ ತಲೆಯೆತ್ತಿದಾಗ ಆರೂ ಮುಂದಿನ ಗಾಜಿನ ಬಳಿ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಪರೀಕ್ಷೆಯಲ್ಲಿ ತೇರ್ಗಡೆಯಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ನದಿಯ ಮೀನನ್ನು ಗಾಜಿನಲ್ಲಿ ಸೆರೆಯಿಟ್ಟು, ಆಮೇಲೆ ಉಪಚಾರ ಮಾಡುವುದು ಯಾವ ನ್ಯಾಯ? ಈ ಮಾತನ್ನು ನಾನು ಮುಕ್ಕಾಲುಪಾಲು ಒಪ್ಪುತ್ತೇನೆ. ನನ್ನನ್ನು ಕೇಳಿದವರಿಗೆಲ್ಲ ಪಿರಾನ್ಹಾ ಕೊಳ್ಳಬೇಡಿರೆಂದೇ ಹೇಳುತ್ತೇನೆ. ಹಾಗೆಂದು ಇರುವುದನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವುದೂ ಆಗದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ಅಂದರೆ ನಮ್ಮ ಜಿಲೇಬಿ ಮೀನು, ಕೆರೆಕೆರೆಗೂ ಹಬ್ಬಿ ಊರಿನ ಮೀನುಗಳ ಜಾಗವನ್ನು ಹಿಡಿದ ಕಥೆ ನಮ್ಮ ಕಣ್ಣ ಮುಂದಿದೆ. ತಂದವನಿಗೆ ಉಳಿದಿರುವ ದಾರಿ ಒಂದೇ: ಅವು ಬದುಕಿರುವಷ್ಟು ಕಾಲ ಅಂಜಿಕೆಯಿಲ್ಲದಂತೆ ನೋಡಿಕೊಳ್ಳುವುದು.

ಇನ್ನು ಕಾಲೇಜಿನ ಮಾತು. ಮೊದಲನೆಯ ವರ್ಷ ನಾನು ಹಳ್ಳಿಯಿಂದ ಬಂದಾಗ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ. ಹಿಂದಿನ ಬೆಂಚಿನ ಗೋಡೆಯ ಪಕ್ಕವೇ ನನ್ನ ಮೂಲೆ. ಹಿರಿಯ ವಿದ್ಯಾರ್ಥಿಗಳು ಮೆಟ್ಟಿಲ ಬಳಿ ತಡೆದು ಹಾಡು ಹೇಳಿಸುತ್ತಿದ್ದರು. ಅದು ತಮಾಷೆಯೆಂದು ಅವರು ತಿಳಿದಿದ್ದರು. ಎಲ್ಲರೆದುರಿಗೆ ಎಬ್ಬಿಸಿ ಪ್ರಶ್ನೆ ಕೇಳಿದರೆ ಅಂಜಿಕೆ ಬಿಟ್ಟುಹೋಗುತ್ತದೆಂದು ಕೆಲವು ಉಪನ್ಯಾಸಕರೂ ನಂಬಿದ್ದರು. ಗುರುಗಳು ಕ್ಷಮಿಸಬೇಕು, ಅದು ಗಾಜು ಬಡಿದ ಹಾಗೆಯೇ. ನನ್ನ ಬಾಯಿ ಬಿಡಿಸಿದ್ದು ಹಾಸ್ಟೆಲಿನಿಂದ ಬಂದ ನಾಲ್ವರು ಹಳ್ಳಿಯ ಗೆಳೆಯರು, ಮತ್ತು ಉತ್ತರಕ್ಕಾಗಿ ಆತುರಪಡದೆ ಕಾದ ಒಬ್ಬ ಮೇಷ್ಟರು. ಈ ವರ್ಷವೂ ಹಿಂದಿನ ಬೆಂಚಿನಲ್ಲಿ ಹೊಸ ಮುಖಗಳಿವೆ. ಅವರಿಗೆ ಧೈರ್ಯ ಕಲಿಸುವ ಮೊದಲು ನಾವು ಅಂಜಿಸುವುದನ್ನು ನಿಲ್ಲಿಸೋಣ. ಅಂಜುವುದು ದೋಷವಲ್ಲ, ಅಂಜಿದವರನ್ನು ನೋಡಿ ನಗುವುದು ದೋಷ.

ಈಗಲೂ ಮನೆಗೆ ನೆಂಟರು ಬರುತ್ತಾರೆ. “ಎಲ್ಲಿ ನಿಮ್ಮ ಹುಲಿ?” ಎಂದು ಯಾರಾದರೂ ಗಾಜಿನತ್ತ ಕೈ ಚಾಚಿದರೆ ಮಾವನವರೇ ತಡೆಯುತ್ತಾರೆ: “ಬಡೀಬೇಡಿ. ಸುಮ್ಮನೆ ಒಂದು ಗಳಿಗೆ ಕೂತಿರಿ, ಅವೇ ಬರುತ್ತವೆ.”